ಫೋರ್ಕ್ ಸರೋವರದ ಜಲಪಂಚಾಂಗ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಡಲ್ಲಾಸ್ ನಗರದಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗೆ ತುಸು ಮಿಗಿಲಾದ ದೂರದಲ್ಲಿ, ಸಬೀನ್ ನದಿಯನ್ನು ಸೇರುವ ಹೊಳೆಯೊಂದಕ್ಕೆ ಅಣೆಕಟ್ಟು ಕಟ್ಟಿ 1980ರಲ್ಲಿ ನೀರು ನಿಲ್ಲಿಸತೊಡಗಿದ ಒಂದು ಜಲಾಶಯವುಂಟು. ಫೋರ್ಕ್ ಸರೋವರವೆಂದು ಅದರ ಹೆಸರು. ವಿಸ್ತಾರ ಸುಮಾರು 27 ಸಾವಿರ ಎಕರೆ. ಅತ್ಯಂತ ಆಳವಾದೆಡೆಯಲ್ಲಿ ನೀರು 70 ಅಡಿಯಷ್ಟು. ಗಾಳ ಹಾಕುವ ಹವ್ಯಾಸವುಳ್ಳವರು ದೂರದೂರದ ಊರುಗಳಿಂದ ಇಲ್ಲಿಗೆ ಬಂದು ದಿನವಿಡೀ ದೋಣಿಯಲ್ಲಿ ನಿಲ್ಲುವುದಕ್ಕೆ ಕಾರಣ ಲಾರ್ಜ್‌ಮೌತ್ ಬಾಸ್ ಎಂಬ ಒಂದು ಜಾತಿಯ ಮೀನು, ಮತ್ತು ಆ ಮೀನು ಇಲ್ಲಿ ಬೆಳೆಯುವ ಗಾತ್ರ. ಟೆಕ್ಸಾಸಿನ ದಾಖಲೆಯಲ್ಲಿ ಅತ್ಯಂತ ಭಾರವಾದ ಬಾಸ್, ಎಂದರೆ 18.18 ಪೌಂಡು, ನಮ್ಮ ಲೆಕ್ಕದಲ್ಲಿ ಎಂಟೂಕಾಲು ಕಿಲೋ ತೂಗಿದ ಮೀನು, 1992ರ ಜನವರಿಯಲ್ಲಿ ಹೊರಬಂದದ್ದು ಈ ನೀರಿನಿಂದಲೇ.

ಇದು ದೈವವಶಾತ್ ಒದಗಿದ ಸಂಪತ್ತಲ್ಲ. ಕಣಿವೆಯಲ್ಲಿ ನೀರು ಏರುವುದಕ್ಕೆ ಮೊದಲೇ ಅಲ್ಲಿನ ಮತ್ಸ್ಯ ಇಲಾಖೆಯವರು, ಮುಳುಗಡೆಯಾಗಲಿದ್ದ ಹೊಲಗಳ ಕಟ್ಟೆಕೊಳಗಳನ್ನು ಸರಿಪಡಿಸಿ, ಅವುಗಳಲ್ಲಿ ಬೃಹದಾಕಾರಕ್ಕೆ ಬೆಳೆಯುವ ಫ್ಲೋರಿಡಾ ಮೂಲದ ಬಾಸ್ ಮರಿಗಳನ್ನು ಬಿಟ್ಟಿದ್ದರು. ಕಣಿವೆಯ ಮರಗಳಲ್ಲಿ ಬಹುಭಾಗವನ್ನು ಕಡಿಯದೆ ನಿಂತಂತೆಯೇ ಮುಳುಗಲು ಬಿಟ್ಟಿದ್ದರು. ಹಿಡಿದ ಮೀನಿನಲ್ಲಿ ಎಷ್ಟನ್ನು ಒಯ್ಯಬಹುದು ಎಂಬ ಕಟ್ಟಲೆಯನ್ನು ಮೊದಲಿನಿಂದಲೇ ಬಿಗಿಯಾಗಿಟ್ಟಿದ್ದರು. ಒಂದು ಜಲಾಶಯವನ್ನು ಕಟ್ಟುವಾಗ ಅದರೊಳಗೆ ಬಾಳಲಿರುವ ಜೀವಿಯನ್ನು ಕುರಿತು ಇಷ್ಟು ಮುಂದಾಲೋಚನೆಯನ್ನು ತಳೆದದ್ದು ನನಗಂತೂ ಅಣೆಕಟ್ಟಿನಷ್ಟೇ ಗೌರವಾರ್ಹವಾದ ಕಾರ್ಯವೆಂದು ತೋರುತ್ತದೆ.

ಬಾಸ್ ಮೀನಿನ ಮೈಬಣ್ಣ ಹಸಿರು, ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಹರಿದ ಕಪ್ಪು ಪಟ್ಟಿ, ಕಣ್ಣನ್ನೂ ದಾಟಿ ಹಿಂದಕ್ಕೆ ಸರಿಯುವ ಮೇಲ್ದವಡೆ. ಜೊಂಡಿನ ಮರೆಯಲ್ಲೋ ಮುಳುಗಿದ ಮರದ ಬೊಡ್ಡೆಯ ನೆರಳಿನಲ್ಲೋ ನಿಶ್ಚಲವಾಗಿ ನಿಂತಿದ್ದು, ಬೇಟೆ ಸಮೀಪಿಸಿದೊಡನೆ ಬಾಯಿಯನ್ನು ಥಟ್ಟನೆ ತೆರೆದು ನೀರಿನ ಸಮೇತ ಒಳಕ್ಕೆ ಸೆಳೆದುಕೊಳ್ಳುವುದು ಅದರ ಕ್ರಮ. ಅದರ ರಕ್ತಕ್ಕೆ ಸ್ವಂತವಾದ ಕಾವಿಲ್ಲ. ನೀರಿನ ಉಷ್ಣತೆಯೇ ಮೈಯ ಉಷ್ಣತೆ. ಆದುದರಿಂದ ಅದರ ಹಸಿವು, ಆಲಸ್ಯ, ಸಂಚಾರ, ಸಂತಾನೋತ್ಪತ್ತಿಗಳೆಲ್ಲವೂ ನೀರಿನ ಶೀತೋಷ್ಣಗಳಿಗೆ ಅಧೀನವಾಗಿರುತ್ತವೆ. ಮತ್ತು ಈ ಸರೋವರದಲ್ಲಿ ಗಾಳ ಹಾಕುವವನ ವಿದ್ಯೆ ಮುಖ್ಯವಾಗಿ ನೀರಿನ ಋತುಗಳನ್ನು ಬಲ್ಲ ವಿದ್ಯೆಯೇ ಆಗಿದೆ.

ಈ ಋತುಚಕ್ರವನ್ನು ಬೇಸಗೆಯಿಂದ ಆರಂಭಿಸುವುದು ಉಚಿತ. ಜೂನ್, ಜುಲೈ ತಿಂಗಳುಗಳಲ್ಲಿ ಟೆಕ್ಸಾಸಿನ ಬಿಸಿಲು ಮೇಲಿನ ನೀರನ್ನು ಕಾಯಿಸುತ್ತದೆ. ಕಾದ ನೀರು ಹಗುರವಾದ್ದರಿಂದ ಅದು ತಣ್ಣನೆಯ ಭಾರವಾದ ನೀರಿನ ಮೇಲೆ ತೇಲಿಕೊಂಡಿರುತ್ತದೆ, ಗಾಳಿ ಬೀಸಿದರೂ ಅವೆರಡೂ ಬೆರೆಯುವುದಿಲ್ಲ. ತಳದ ನೀರಿಗೆ ಹೊರಗಿನ ಗಾಳಿಯ ಸಂಪರ್ಕವೇ ತಪ್ಪಿಹೋಗಿ, ಅಲ್ಲಿ ಕೊಳೆಯುವ ಎಲೆಕಡ್ಡಿಗಳು ಇದ್ದಬದ್ದ ಆಮ್ಲಜನಕವನ್ನು ತಿಂದುಹಾಕುವುದರಿಂದ, ಬೇಸಗೆ ಬಲಿತಂತೆ ಆ ತಂಪಾದ ಆಳವು ಮೀನಿಗೆ ವಾಸಯೋಗ್ಯವಾಗಿ ಉಳಿಯುವುದಿಲ್ಲ. ಸೆಕೆಗೆ ಮೀನೆಲ್ಲವೂ ತಳ ಸೇರಿರಬೇಕೆಂದು ಹೊಸಬನು ಊಹಿಸಿ ಗಾಳವನ್ನು ಅತ್ಯಾಳಕ್ಕೆ ಇಳಿಬಿಟ್ಟರೆ, ಅವನು ಜೀವವಿಲ್ಲದ ನೀರಿನಲ್ಲಿ ಜೀವವನ್ನು ಅರಸಿದಂತಾಗುತ್ತದೆ. ಬಲ್ಲವರು ಈ ಎರಡು ಪದರಗಳ ಗಡಿಗಿಂತ ಮೇಲೆ, ನೆಲವು ಉಬ್ಬಿರುವ ಎಡೆಗಳನ್ನು ಹುಡುಕುತ್ತಾರೆ. ಮುಳುಗಿದ ಹಳೆಯ ರಸ್ತೆ, ಸೇತುವೆ, ಹೊಲದ ಕೊಳದ ಏರಿ, ಇವೆಲ್ಲವೂ ನೀರಿನ ಕೆಳಗೆ ಇಂದಿಗೂ ಇವೆ. ಆ ಏರಿಗಳ ಮೇಲೆಯೇ ಬೇಸಗೆಯ ಬಾಸ್ ಗುಂಪುಗೂಡುತ್ತದೆ. ಬೆಳಕು ಹರಿಯುವ ಹೊತ್ತಿನಲ್ಲಿ ಮಾತ್ರ ಅದು ದಡದ ಜೊಂಡಿನವರೆಗೂ ಬಂದು, ನೀರಿನ ಮೇಲೆ ಕುಪ್ಪಳಿಸುತ್ತ ಸಾಗುವ ಕೃತಕ ಕಪ್ಪೆಗೂ ಬಾಯಿ ಹಾಕುತ್ತದೆ.

ಕೊಂಬೆರೆಂಬೆಗಳು ಕಿಕ್ಕಿರಿದ ಇಂಥ ನೀರಿನಲ್ಲಿ ಬರಿಯ ಗಾಳವನ್ನು ಎಸೆದರೆ ಅದು ಮೀನಿಗಿಂತ ಮೊದಲು ಮರಕ್ಕೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಆ ಸಂಸ್ಥಾನದ ಹೆಸರನ್ನೇ ಪಡೆದ ಟೆಕ್ಸಾಸ್ ರಿಗ್ ಎಂಬ ಕಟ್ಟು ಬಳಕೆಯಲ್ಲಿದೆ. ದಾರಕ್ಕೆ ಮೊದಲು ಬಂದೂಕಿನ ಗುಂಡಿನ ಆಕಾರದ ಸಣ್ಣ ತೂಕವೊಂದನ್ನು, ಮೊನೆ ಮೇಲ್ಮುಖವಾಗುವಂತೆ, ಪೋಣಿಸಿ, ಅನಂತರ ಗಾಳವನ್ನು ಕಟ್ಟುತ್ತಾರೆ. ಮೆತ್ತನೆಯ ಪ್ಲಾಸ್ಟಿಕ್ ಎರೆಹುಳುವಿನ ತಲೆಯಲ್ಲಿ ಗಾಳದ ಮೊನೆಯನ್ನು ಚುಚ್ಚಿ ಅರ್ಧ ಅಂಗುಲದಲ್ಲೇ ಹೊರತೆಗೆದು, ಗಾಳವನ್ನು ತಿರುಗಿಸಿ, ಅದೇ ಮೊನೆಯನ್ನು ಮತ್ತೆ ಹುಳುವಿನ ಹೊಟ್ಟೆಯಲ್ಲಿ ಅಡಗಿಸುತ್ತಾರೆ. ಹೀಗೆ ಮೊನೆ ಮರೆಯಾದ ಹುಳು ಕೊಂಬೆಗಳ ನಡುವೆ ನುಸುಳಿ ಇಳಿದು ಸಲೀಸಾಗಿ ಹಿಂದಕ್ಕೆ ಬರುತ್ತದೆ. ಮೀನು ಕಚ್ಚಿದಾಗ ಕೋಲನ್ನು ಬಲವಾಗಿ ಎತ್ತಿ ಸೆಳೆದರೆ ಮಾತ್ರ ಮೊನೆಯು ಹುಳುವನ್ನು ಭೇದಿಸಿ ದವಡೆಗೆ ನಾಟುತ್ತದೆ. ಈ ಬಗೆಯ ಪ್ಲಾಸ್ಟಿಕ್ ಹುಳುವನ್ನು 1949ರಲ್ಲಿ ಓಹಾಯೋದ ಆಕ್ರನ್ ನಗರದಲ್ಲಿ ತಯಾರಿಸಿದ ನಿಕ್ ಕ್ರೀಮ್, ಮುಂದೆ ತನ್ನ ಉದ್ಯಮವನ್ನು ಫೋರ್ಕ್ ಸರೋವರದಿಂದ ಹೆಚ್ಚು ದೂರವಲ್ಲದ ಟೈಲರ್ ಪಟ್ಟಣದಲ್ಲಿ ನೆಲೆಗೊಳಿಸಿದನು.

ಶರತ್ಕಾಲವನ್ನು ಕುರಿತು ಹೇಳಬೇಕಾದದ್ದು ಸ್ವಲ್ಪ. ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿದು, ಪದರಗಳು ಒಡೆದು, ಇಡೀ ಸರೋವರ ಕದಡಿ ಬೆರೆಯುವ ಕೆಲವು ದಿನಗಳಲ್ಲಿ ಬೇಟೆ ಸಾಗದು. ನೀರು ತಿಳಿಯಾದ ಮೇಲೆ ಶ್ಯಾಡ್ ಎಂಬ ಬೆಳ್ಳಿಬಣ್ಣದ ಮರಿಮೀನುಗಳ ಹಿಂಡುಗಳು ಕವಲುಹೊಳೆಗಳತ್ತ ಸರಿಯುತ್ತವೆ, ಬಾಸ್ ಅವುಗಳ ಬೆನ್ನು ಹತ್ತುತ್ತದೆ. ನೀರು ಒಂದೆಡೆ ಹಠಾತ್ತನೆ ಕುದಿದಂತೆ ಕಂಡರೆ ಅಲ್ಲಿಗೆ ಗಾಳವೆಸೆದರಾಯಿತು.

ಚಳಿಗಾಲದಲ್ಲಿ ಮೀನಿನ ಜೀರ್ಣಶಕ್ತಿ ಮಂದವಾಗಿ, ಆಹಾರದ ಅಗತ್ಯ ಕುಗ್ಗಿ, ಅದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದನ್ನೇ ಬಿಡುತ್ತದೆ. ಗಾಳವನ್ನು ಅಂಗುಲ ಅಂಗುಲವಾಗಿ ಸರಿಸುತ್ತ, ನಡುವೆ ಸುಮ್ಮನೆ ನಿಲ್ಲಿಸುತ್ತ, ಬೆರಳಿಗೆ ತಗಲುವ ದಾರದ ಅತಿ ಸೂಕ್ಷ್ಮವಾದ ಮಿಡಿತಕ್ಕೆ ಕಾದಿರಬೇಕಾದ ಕಾಲವಿದು. ಆದರೂ ಘನವಾದ ಮೀನುಗಳಿಗೆ ಇದು ಒಳ್ಳೆಯ ಕಾಲ. ಮೇಲೆ ಹೇಳಿದ ದಾಖಲೆಯ ಮೀನು, ಬೇರೊಂದು ಚಿಕ್ಕ ಜಾತಿಯ ಮೀನಿಗಾಗಿ ಆಳದ ನೀರಿನಲ್ಲಿ ಗಾಳ ಬಿಟ್ಟು ಕುಳಿತಿದ್ದವನೊಬ್ಬನಿಗೆ ಒಲಿದದ್ದು ಈ ಚಳಿಯಲ್ಲಿಯೇ. ಜನವರಿ ಕಳೆಯುತ್ತಿದ್ದಂತೆ ಹೆಣ್ಣುಮೀನುಗಳು ಒಡಲಲ್ಲಿ ತತ್ತಿ ತುಂಬಿಕೊಂಡು ಆಳದಿಂದ ಹೊಳೆಬಾಯಿಗಳ ಕಡೆಗೆ ಮೆಲ್ಲನೆ ಚಲಿಸುತ್ತ ಹಸಿವಿನಿಂದ ತಿನ್ನತೊಡಗುತ್ತವೆ. ವರ್ಷದ ಅತ್ಯಧಿಕ ತೂಕ ಅವುಗಳಿಗಿರುವುದು ಆಗಲೇ.

ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ವಸಂತ ಬಂದಂತೆ. ಗಂಡು ದಡದ ಸಮೀಪದ ತಿಳಿನೀರಿನಲ್ಲಿ, ಬಿಸಿಲು ತಾಕುವ ಗಟ್ಟಿನೆಲವನ್ನು ಆರಿಸಿಕೊಂಡು, ಬಾಲದಿಂದ ಹೂಳನ್ನು ಗುಡಿಸಿ ದುಂಡಗಿನ ತಗ್ಗೊಂದನ್ನು ಮಾಡುತ್ತದೆ. ಅದಕ್ಕಿಂತ ಬಹಳ ದೊಡ್ಡದಾದ ಹೆಣ್ಣು ಬಂದು ತತ್ತಿಯಿಟ್ಟು ಹೊರಟುಹೋಗುತ್ತದೆ. ಉಳಿದ ಹೊಣೆಯೆಲ್ಲ ಗಂಡಿನದು. ಊಟವನ್ನು ಹೆಚ್ಚುಕಡಿಮೆ ತೊರೆದು ರೆಕ್ಕೆಯಿಂದ ನೀರು ಬೀಸುತ್ತ, ತತ್ತಿಗೆ ಹೊಂಚುವ ಸಣ್ಣ ಮೀನುಗಳನ್ನು ಅಟ್ಟುತ್ತ, ಮರಿಗಳು ಹೊರಬಂದ ಮೇಲೂ ಅವುಗಳ ಹಿಂಡನ್ನು ಅದು ಕಾಯುತ್ತದೆ. ನಮ್ಮ ಕೆರೆಗಳಲ್ಲಿ ಕೊರಮೀನಿನ ಜೋಡಿ ಕೆಂಬಣ್ಣದ ಮರಿಗಳ ಹಿಂಡಿನ ಸುತ್ತ ಸುಳಿಯುವುದನ್ನು ಕಂಡವರಿಗೆ ಈ ವಾತ್ಸಲ್ಯ ಅಪರಿಚಿತವಲ್ಲ. ಗೂಡಿನಲ್ಲಿರುವ ಬಾಸ್ ಗಾಳಕ್ಕೆ ಬಾಯಿ ಹಾಕುವುದು ಹಸಿವಿನಿಂದಲ್ಲ, ರಕ್ಷಣೆಯ ಆವೇಶದಿಂದ. ಅದನ್ನು ಎತ್ತಿಕೊಂಡ ಕೆಲವೇ ನಿಮಿಷಗಳಲ್ಲಿ ಗೂಡು ಸೂರೆಹೋಗಬಹುದು. ಕಾಯಿದೆ ಇದಕ್ಕೆ ಅಡ್ಡಬರದಿದ್ದರೂ, ಗೂಡಿನ ಮೇಲಿನ ಮೀನನ್ನು ಬಿಟ್ಟುಬಿಡುವುದೇ ಯೋಗ್ಯವೆಂದೂ, ಅಕಸ್ಮಾತ್ ಹಿಡಿದರೆ ಅದೇ ಎಡೆಯಲ್ಲಿ ತತ್‌ಕ್ಷಣ ನೀರಿಗಿಳಿಸಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ.

ಇಲ್ಲಿನ ಕಟ್ಟಲೆಯ ಪ್ರಕಾರ 16 ಅಂಗುಲದಿಂದ 24 ಅಂಗುಲದವರೆಗಿನ ಬಾಸನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಐದು ಮೀನುಗಳ ಮಿತಿಯಲ್ಲಿ 24 ಅಂಗುಲ ಮುಟ್ಟಿದ್ದು ಒಂದೇ ಇರಬಹುದು. ಮುಂದೆ ಮಹಾಕಾಯವಾಗಬಲ್ಲ ನಡುಪ್ರಾಯದ ಮೀನನ್ನು ಉಳಿಸುವುದು ಇದರ ಉದ್ದೇಶ. ಬಿಡುವಾಗಲೂ ಒಂದು ಎಚ್ಚರವುಂಟು: ಕೈಯನ್ನು ಮೊದಲು ಒದ್ದೆ ಮಾಡಿಕೊಳ್ಳದಿದ್ದರೆ ಮೈಮೇಲಿನ ಲೋಳೆ ಕಿತ್ತುಬಂದು ರೋಗಕ್ಕೆ ದಾರಿಯಾಗುತ್ತದೆ, ಭಾರದ ಮೀನನ್ನು ಕೆಳದವಡೆಯೊಂದನ್ನೇ ಹಿಡಿದು ತೂಗಿಬಿಟ್ಟರೆ ದವಡೆಯ ಕೀಲು ಜಖಂಗೊಳ್ಳುತ್ತದೆ, ಆದುದರಿಂದ ಇನ್ನೊಂದು ಕೈ ಹೊಟ್ಟೆಯ ಕೆಳಗಿರಬೇಕು.

1986ರ ನವೆಂಬರಿನಲ್ಲಿ ಈ ಸರೋವರದಲ್ಲಿ ಸಿಕ್ಕ 17.67 ಪೌಂಡಿನ ಹೆಣ್ಣುಮೀನೊಂದನ್ನು ಕೊಲ್ಲದೆ ಜೀವಂತವಾಗಿ ಉಳಿಸಿಕೊಂಡದ್ದು ಒಂದು ಹೊಸ ಪದ್ಧತಿಗೆ ನಾಂದಿಯಾಯಿತು. ಎಥೆಲ್ ಎಂದು ಹೆಸರಾದ ಆ ಮೀನು ಅನಂತರ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನ ಗಾಜಿನ ಕೊಳದಲ್ಲಿ ವರ್ಷಗಟ್ಟಲೆ ಬದುಕಿ ಅಸಂಖ್ಯ ಜನರ ಕಣ್ಣಿಗೆ ಬಿದ್ದಿತು. ಅಂದಿನಿಂದ, 13 ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗುವ ಬಾಸನ್ನು ಹಿಡಿದವರು ಅದನ್ನು ಸರ್ಕಾರಕ್ಕೆ ಎರವಲಾಗಿ ಕೊಡುವ ಏರ್ಪಾಡು ನಡೆದುಬಂದಿದೆ. ಇಲಾಖೆಯವರು ನೀರಿನ ತೊಟ್ಟಿಯುಳ್ಳ ವಾಹನದಲ್ಲಿ ಬಂದು ಅದನ್ನು ಆಥೆನ್ಸ್ ಎಂಬ ಊರಿನ ಮತ್ಸ್ಯಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಹುಟ್ಟಿದ ಮರಿಗಳನ್ನು ಸಂಸ್ಥಾನದ ಸರೋವರಗಳಿಗೆ ಹಂಚುತ್ತಾರೆ. ತಾಯಿಮೀನನ್ನು ಅದು ಸಿಕ್ಕಿದ ನೀರಿಗೇ ತಂದು ಬಿಡುತ್ತಾರೆ.