ಮಾರಿಯೋ ಮತ್ತೆ ಜಿಗಿದ

1994ರಲ್ಲಿ ಓವರ್‌ಟೈಮ್ ಹಣದಿಂದ ಮಗನಿಗೆ ಕೊಡಿಸಿದ್ದ ವಿಡಿಯೋ ಗೇಮ್ ಅಟ್ಟದಲ್ಲಿ ಸಿಕ್ಕಿತು. ಆನ್ ಮಾಡಿದರೆ ಟಿವಿಯಲ್ಲಿ ಬರೀ ಪಟ್ಟೆಗಳು.

“ಗುಜರಿಗೆ ಹಾಕೋಣ ತಾತ” ಎಂದ, ರಜೆಗೆ ಬಂದಿದ್ದ ಮೊಮ್ಮಗ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಮನೆಗೆ ಹೋದವನಲ್ಲ ನಾನು!

ಮಲ್ಟಿಮೀಟರ್ ಹಿಡಿದೆವು. ಅಡಾಪ್ಟರ್ ಒಂದನ್ನೇ ಅಳೆದಾಗ 12 ವೋಲ್ಟ್. ಗೇಮ್‌ಗೆ ಜೋಡಿಸಿದೊಡನೆ 6. ಪಾಸ್‌ಬುಕ್‌ನಲ್ಲಿ ಹಣವಿದ್ದೂ ಚೆಕ್ ಬೌನ್ಸ್ ಆದಂತೆ! ಗೇಮ್ ಒಳಗಿನ 7805 ಐಸಿ 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಸುಮಾರು 7 ವೋಲ್ಟ್ ಬೇಕು.

ರಿಪೇರಿ ಅಂಗಡಿಯವರು ಅಡಾಪ್ಟರ್ ಬಿಚ್ಚಿ ತೋರಿಸಿದರು. ಕರೆಂಟಿನ ಏರಿಳಿತ ತಗ್ಗಿಸುವ ಕೆಪಾಸಿಟರ್ ವಯಸ್ಸಾಗಿ ತಲೆ ಉಬ್ಬಿಸಿಕೊಂಡಿತ್ತು. ಹೊಸದು ಹಾಕಿಸಿದೆವು. ಮಕ್ಕಳೇ, ಅಡಾಪ್ಟರನ್ನು ನೀವಾಗಿ ಬಿಚ್ಚಬೇಡಿ.

ಸಂಜೆ ಮಾರಿಯೋ ಜಿಗಿದ. ಮೊಮ್ಮಗ ಫೋನಿನಲ್ಲಿ ಕೂಗಿದ: “ಅಪ್ಪಾ, ನಿನ್ನ ಗೇಮ್ ಬದುಕಿತು!”