ಗುಳಿಗೆ ನುಂಗಿದರೂ ಇಳಿಯದ ಬಿಪಿ

ಅಧಿಕ ರಕ್ತದೊತ್ತಡದ ಚಿಕಿತ್ಸೆ ಗುರಿ ಮುಟ್ಟಿತು ಎನ್ನಬೇಕಾದರೆ ಸಾಮಾನ್ಯವಾಗಿ ಮೇಲಿನ ಅಂಕೆ 140ಕ್ಕಿಂತಲೂ ಕೆಳಗಿನದು 90ಕ್ಕಿಂತಲೂ ಕಡಿಮೆಯಿರಬೇಕು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮೇಲಿನ ಅಂಕೆಯನ್ನು 130ರ ಕೆಳಗೆ ತರಲು ವೈದ್ಯರು ನೋಡುತ್ತಾರೆ. 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.5 ಮಂದಿಗೆ ಬಿಪಿ ಹೆಚ್ಚಿತ್ತು. ಅವರಲ್ಲಿ ತಮಗೆ ಬಿಪಿ ಇದೆಯೆಂದು ಗೊತ್ತಿದ್ದವರು ಶೇ. 27.9, ಚಿಕಿತ್ಸೆಯಲ್ಲಿದ್ದವರು ಶೇ. 14.5, ಹತೋಟಿಯಲ್ಲಿದ್ದವರು ಶೇ. 12.6 ಮಾತ್ರ. ಜಗತ್ತಿನ ಲೆಕ್ಕವೂ ಹೆಮ್ಮೆಪಡುವಂಥದ್ದಲ್ಲ: ಗುಳಿಗೆ ತೆಗೆದುಕೊಳ್ಳುವವರಲ್ಲಿಯೂ ಗುರಿ ಮುಟ್ಟುವವರು ಸುಮಾರು ಅರ್ಧದಷ್ಟೇ.

ಇದಕ್ಕೆ ರೋಗಿಯ ಅಲಕ್ಷ್ಯವೊಂದನ್ನೇ ದೂರುವುದು ರೂಢಿ. ಅದು ಅರ್ಧ ಸತ್ಯ. ಸಾಮಾನ್ಯ ಪ್ರಮಾಣದ ಒಂದು ಗುಳಿಗೆ ಮೇಲಿನ ಅಂಕೆಯನ್ನು ಸರಾಸರಿ 9ರಷ್ಟು ಇಳಿಸುತ್ತದೆ. 170 ಇದ್ದವರಿಗೆ ಅದೊಂದೇ ಸಾಲದು. ಅದೇ ಗುಳಿಗೆಯ ಪ್ರಮಾಣ ಇಮ್ಮಡಿ ಮಾಡಿದರೂ ಹೆಚ್ಚುವರಿಯಾಗಿ ಇಳಿಯುವುದು ಅತ್ಯಲ್ಪ. ಬೇರೆ ಬಗೆಯ ಎರಡನೆಯ ಔಷಧಿ ಸೇರಿಸಿದರೆ ಲಾಭ ಹೆಚ್ಚು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥ್ಯಾಲಿಡೋನ್ ಎಂಬ ಬೇರೆ ಬೇರೆ ಬಗೆಯ ಔಷಧಿಗಳು ಒಟ್ಟಿಗೆ ಬಳಕೆಗೆ ಬಂದಿರುವುದು ಈ ಕಾರಣಕ್ಕೇ. ಆದರೂ ಅಂಕೆ 155 ಕಂಡಾಗ ‘ಸ್ವಲ್ಪ ಹೆಚ್ಚಿದೆ, ಅದನ್ನೇ ಮುಂದುವರಿಸಿ’ ಎಂದು ಕಳಿಸುವುದು ಎಲ್ಲೆಡೆ ನಡೆಯುತ್ತದೆ.

ದುಡಿಮೆಯ ಪರಿಸ್ಥಿತಿಯೂ ಚಿಕಿತ್ಸೆಗೆ ಅಡ್ಡ ಬರುತ್ತದೆ. ಕೃಷ್ಣೆಯ ದಡದ ಚಿಕ್ಕಪಡಸಲಗಿಯ ಸುತ್ತ ಕಬ್ಬಿನ ಬೆಳೆ ಹಬ್ಬಿದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗವೇ ಬದುಕು. ಕಟಾವಿನ ಹಂಗಾಮಿನಲ್ಲಿ ಕೂಲಿ ಬಿಟ್ಟು ದವಾಖಾನೆಗೆ ಹೋಗುವುದು ಸುಲಭವಲ್ಲ. ತಲೆನೋವು, ತಲೆಸುತ್ತು ಏನೂ ಇಲ್ಲದಿದ್ದರೆ ಗುಳಿಗೆ ನಿಲ್ಲಿಸುವವರೂ ಇದ್ದಾರೆ, ಬಿಪಿಯೋ ಸದ್ದಿಲ್ಲದೆ ಏರುತ್ತದೆ. ಸೊಂಟನೋವು, ಮೊಣಕಾಲು ನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿಪಿಯನ್ನು ಏರಿಸುತ್ತದೆಂಬುದು ಹಲವರಿಗೆ ತಿಳಿಯದು. ಊಟದ ಉಪ್ಪೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳದ ಜೊತೆ ಈ ಮಿತಿ ಬೇಗ ದಾಟುತ್ತದೆ.

ಅಳತೆಯೇ ತಪ್ಪಾಗುವುದೂ ಉಂಟು. ನಡೆದು ಬಂದವರು 5 ನಿಮಿಷ ಬೆನ್ನು ಆನಿಸಿ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿಸಬೇಕು. ಅದಕ್ಕೂ ಮುನ್ನ ಅರ್ಧ ತಾಸು ಚಹಾ, ತಂಬಾಕು ಬೇಡ.

ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ ತಪಾಸಣೆ ಮನೆ ಬಾಗಿಲಿಗೇ ಬಂದಿದೆ. ಪ್ರತಿ ಭೇಟಿಯಲ್ಲೂ ಅಂಕೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ; ಸತತ ಎರಡು ಬಾರಿ 140 ದಾಟಿದ್ದರೆ ಔಷಧಿ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ.