ಪ್ರಾಸ್ಟೇಟ್ ಶಸ್ತ್ರಕ್ರಿಯೆಯ ಅನಂತರ: ಶುಶ್ರೂಷೆಯೂ ಪ್ರಮಾಣವೂ

ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಮುಂಜಾನೆ ಸುತ್ತು ಹಾಕುವ ವೃದ್ಧರ ಗುಂಪಿನಿಂದ ಒಬ್ಬರು ಮರೆಯಾದರೆನ್ನೋಣ. 'ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾಯಿತಂತೆ, ಗುಣವಾಗಿದೆಯಂತೆ' ಎಂದು ಉಳಿದವರು ಹೇಳುತ್ತಾರೆ. ಗುಣವಾದವರು ಮನೆಯಿಂದ ಹೊರಗೆ ಬಾರದಿರುವುದೇಕೆ? ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಹತೋಟಿ ಮೀರಿ ಮೂತ್ರ ಜಿನುಗುವ ಸಂಕಟವನ್ನು ಅವರು ಯಾರೊಡನೆ ಹೇಳಿಯಾರು? ಸಂಕೋಚದಿಂದ ಮುಚ್ಚಿಡುವ ಈ ತೊಂದರೆಯ ಕಾರಣವನ್ನೂ ಪರಿಹಾರವನ್ನೂ ನಾವಿಲ್ಲಿ ವಿಚಾರಮಾಡೋಣ.

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ದೊಡ್ಡ ನೆಲ್ಲಿಕಾಯಿಯ ಗಾತ್ರದ ಪ್ರಾಸ್ಟೇಟ್ ಗ್ರಂಥಿಯಿದೆ. ಮೂತ್ರಕೋಶವನ್ನು ಕೆಂಪಾಂಬುಧಿಯಂತಹ ಒಂದು ಕೆರೆಯೆಂದು ಭಾವಿಸಿದರೆ, ಅದರ ತೂಬಿಗೆ ಎರಡು ಬಾಗಿಲುಗಳುಂಟು. ಮೇಲಿನದು ಮೂತ್ರಕೋಶದ ಕಂಠದಲ್ಲಿದ್ದು, ನಮ್ಮ ಅಪ್ಪಣೆಗೆ ಕಾಯದೆ ತಾನಾಗಿಯೇ ಮುಚ್ಚಿರುತ್ತದೆ. ಕೆಳಗಿನದು ಗ್ರಂಥಿಯ ಕೆಳಗಿದ್ದು, ನಮ್ಮ ಇಚ್ಛೆಗೆ ಅಧೀನವಾಗಿದೆ. ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆದಾಗ ಮೇಲಿನ ಬಾಗಿಲು ನಷ್ಟವಾಗುತ್ತದೆ ಅಥವಾ ದುರ್ಬಲವಾಗುತ್ತದೆ. ಅಲ್ಲಿಂದ ಮುಂದೆ ಕೆಳಗಿನದೊಂದೇ ಇಡೀ ಭಾರವನ್ನು ಹೊರಬೇಕು. ಅದಕ್ಕೆ ಕಾಲಾವಕಾಶ ಬೇಕು. ಹಲವರಲ್ಲಿ ಕೆಲವು ತಿಂಗಳುಗಳಿಂದ ಒಂದು ವರ್ಷದೊಳಗಾಗಿ ಹತೋಟಿ ಬಹುಮಟ್ಟಿಗೆ ಮರಳುತ್ತದೆ.

ಸ್ನಾಯುವನ್ನು ಸಾಧನೆಯಿಂದ ಬಲಪಡಿಸಬಹುದಷ್ಟೆ? ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ, ಹೆರಿಗೆಯಾದ ಸ್ತ್ರೀಯರಿಗಾಗಿ ಶ್ರೋಣಿತಳದ ಸ್ನಾಯುಗಳ ವ್ಯಾಯಾಮವೊಂದನ್ನು ಪ್ರಕಟಿಸಿದರು. ಮುಂದೆ ಅದು ಪುರುಷರಿಗೂ ಅನ್ವಯವಾಯಿತು. ಆದರೆ ಯುಕ್ತವೆಂದು ತೋರಿದುದೆಲ್ಲ ಸತ್ಯವಲ್ಲ; ಪರೀಕ್ಷಿಸಿ ನೋಡಬೇಕು.

ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ 102 ರೋಗಿಗಳನ್ನು ಚೀಟಿ ಎತ್ತುವ ಕ್ರಮದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2000ದಲ್ಲಿ ಪ್ರಕಟವಾಯಿತು. ಮೂತ್ರದ ಕೊಳವೆಯನ್ನು ತೆಗೆದೊಡನೆಯೇ ವ್ಯಾಯಾಮ ಕಲಿತವರಲ್ಲಿ ಮೂರು ತಿಂಗಳಿಗೆ ಶೇಕಡ 88 ಮಂದಿ ಹತೋಟಿ ಪಡೆದರು. ಉಳಿದವರಲ್ಲಿ ಶೇಕಡ 56 ಮಂದಿ ಮಾತ್ರ. ಆದರೆ ಶಸ್ತ್ರಕ್ರಿಯೆಯಾಗಿ ಆರು ವಾರಗಳ ಮೇಲೂ ಜಿನುಗುತ್ತಿದ್ದ 411 ಮಂದಿಯನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆ ಬೇರೆಯೇ ಫಲವನ್ನಿತ್ತಿತು. ವರ್ಷದ ಕೊನೆಗೆ, ತರಬೇತಿ ಪಡೆದವರಲ್ಲಿ ಶೇಕಡ 76, ಎಂದಿನ ಆರೈಕೆ ಪಡೆದವರಲ್ಲಿ ಶೇಕಡ 77 ಮಂದಿಗೆ ಸ್ವಲ್ಪವಾದರೂ ಜಿನುಗುತ್ತಲೇ ಇತ್ತು! ಇವೆರಡನ್ನೂ ಒಟ್ಟಿಗೆ ತೂಗಿದರೆ ತಿಳಿಯುವುದಿಷ್ಟು: ಬೇಗನೆ ತೊಡಗಿದ ವ್ಯಾಯಾಮ ಚೇತರಿಕೆಯನ್ನು ತ್ವರೆಗೊಳಿಸಬಹುದು, ಎಲ್ಲರಿಗೂ ಫಲವೀಯುವುದೆಂಬ ಭರವಸೆ ಕೊಡಲಾಗದು. ಆದುದರಿಂದ ಹತೋಟಿ ಬಾರದಿದ್ದಲ್ಲಿ ರೋಗಿಯನ್ನು ಸೋಮಾರಿಯೆಂದು ದೂಷಿಸುವುದು ಅನ್ಯಾಯ.

ಬಲ್ಲ ದಾದಿಯ ಕೆಲಸ ಇಲ್ಲಿಯೇ ಮೊದಲಾಗುತ್ತದೆ. ಅಪಾನವಾಯುವನ್ನು ತಡೆಯುವಂತೆ ಸ್ನಾಯುವನ್ನು ಬಿಗಿಹಿಡಿದು, ಕೆಲವು ಕ್ಷಣ ನಿಲ್ಲಿಸಿ, ಸಡಿಲಿಸಬೇಕು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳು ಬಿಗಿಯಬಾರದು. ಹೀಗೆ ಎಂಟು ಹತ್ತು ಬಾರಿ, ದಿನಕ್ಕೆ ಮೂರಾವರ್ತಿ ಸಾಧನೆ ನಡೆಯಬೇಕು. ಕೆಮ್ಮುವ, ಏಳುವ ಮುನ್ನವೂ ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಬೇಕು. ಕೊಳವೆಯಿರುವಾಗ ಇದು ಸಲ್ಲದು; ಮೂತ್ರವಿಸರ್ಜನೆಯ ನಡುವೆ ತಡೆಯುವುದನ್ನು ನಿತ್ಯದ ಅಭ್ಯಾಸವಾಗಿಸುವುದೂ ಸಲ್ಲದು. ಹೆದರಿ ನೀರನ್ನು ಬಿಟ್ಟವರಿಗೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಕೆರಳುತ್ತದೆಂದು ದಾದಿ ತಿಳಿಸುತ್ತಾಳೆ. ದಿನದ ಕಾಫಿಯ ಲೋಟಗಳನ್ನು ಕಡಿಮೆಮಾಡಿ ನೋಡಲು ಹೇಳುತ್ತಾಳೆ. ಮಲಬದ್ಧತೆ ಆಗದಂತೆ ಎಚ್ಚರಿಸುತ್ತಾಳೆ. ಚರ್ಮ ಒದ್ದೆಯಿಂದ ಹುಣ್ಣಾಗದಂತೆ ಶುಚಿಯಾಗಿ ಒಣಗಿಸುವುದನ್ನು ಕಲಿಸುತ್ತಾಳೆ. ದಿನಕ್ಕೆ ಎಷ್ಟು ಪ್ಯಾಡುಗಳು ಒದ್ದೆಯಾದುವೆಂದು ಬರೆದಿಡಿಸುತ್ತಾಳೆ. ಆ ಪಟ್ಟಿಯೇ ಪ್ರಗತಿಯ ಸಾಕ್ಷಿ. ಜ್ವರ ಬಂದರೆ, ಮೂತ್ರ ಕಟ್ಟಿದರೆ ಒಡನೆಯೇ ವೈದ್ಯರನ್ನು ಕಾಣಬೇಕು.

ವರ್ಷ ಕಳೆದರೂ ತೀವ್ರವಾಗಿ ಜಿನುಗುವವರಿಗೆ, 1970ರ ದಶಕದಲ್ಲಿ ಬಳಕೆಗೆ ಬಂದ ಕೃತಕ ಮೂತ್ರದ್ವಾರದ ಸಾಧನವುಂಟು. ಚಾಮರಾಜಪೇಟೆಗೆ ಸಮೀಪದ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಆರಂಭವಾಯಿತು. ಇಂದು ಅದರ ಆವರಣದಲ್ಲಿ ಮೂತ್ರಾಂಗ ರೋಗಗಳಿಗೆಂದೇ ಒಂದು ಸಂಸ್ಥೆಯಿದೆ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ರೋಗಿಗಳಿಗಾಗಿಯೇ ಇದೆ. ಆದರೆ ಬಾಯಿ ಬಿಟ್ಟು ಹೇಳದವನಿಗೆ ಯಾವ ಸಂಸ್ಥೆ ತಾನೆ ನೆರವಾದೀತು?

ನಿಮ್ಮ ಮನೆಯ ತಾತನವರು ಮದುವೆ ಮುಂಜಿಗಳಿಗೆ ಹೋಗಲೊಲ್ಲದೆ ಕೋಣೆ ಹಿಡಿದಿದ್ದರೆ, ಅದನ್ನು ಮುಪ್ಪಿನ ಮುನಿಸೆಂದು ನಗದಿರಿ. ಮೆಲ್ಲನೆ ಕೇಳಿ, ಜೊತೆಯಲ್ಲಿ ವೈದ್ಯರ ಬಳಿಗೆ ಹೋಗಿ. ನಾವು ಓದಿದ ವಿಜ್ಞಾನ ಸಾರ್ಥಕವಾಗುವುದು ಅಲ್ಲಿಯೇ.